ಜ್ವರ ಬರಬೇಕಾಗಿದ್ದ ಹುಡುಗಿ ಫಾರಿನ್ ಪರೀಕ್ಷೆ ಬರೆದದ್ದು

ನಮ್ಮ ಶಾಲೆಯ ಸೆಕ್ರೆಟರಿ ಹೊಸದೇನಾದರೂ ಶುರು ಮಾಡಬೇಕೆಂದರೆ ಮೊದಲು ಬಳ್ಳಾರಿಯ ಬ್ರೂಸ್‌ಪೇಟೆಯ ತಮ್ಮ ಅಂಗಡಿಗೆ ಕರೆಸುತ್ತಾರೆ. ಕೆಳಗೆ ಬೇಳೆಕಾಳಿನ ಹೋಲ್‌ಸೇಲ್, ಮೇಲೆ ಶಾಲೆಯ ಆಫೀಸು. ಕಳೆದ ವರ್ಷ ಹಾಗೆ ಕರೆ ಬಂದಾಗ, ಮತ್ತೆ ಯೂನಿಫಾರ್ಮಿನ ಬಣ್ಣ ಬದಲಾಯಿಸುತ್ತಾರೇನೋ ಅಂದುಕೊಂಡು ಹೋದೆ. ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು!

ನಾನು ಸಿರುಗುಪ್ಪದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮನೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ಬೆಳಗ್ಗೆ ಬಸ್ಸು, ಸಂಜೆ ಬಸ್ಸು. ಮಧ್ಯದಲ್ಲಿ ಉಳಿದದ್ದನ್ನು ಜೀವನ ಅನ್ನುತ್ತೇನೆ. ಕಂಪ್ಯೂಟರಿನಲ್ಲಿ ಪಟ್ಟಿ ಮಾಡಲು, ಇಮೇಲಿಗೆ ಉತ್ತರ ಬರೆಯಲು ಬರುತ್ತದೆ ಅನ್ನುವ ಒಂದೇ ಅಪರಾಧಕ್ಕೆ ಶಾಲೆಯಲ್ಲಿ ಹೊಸದಾಗಿ ಬರುವ ಕೆಲಸವೆಲ್ಲ ನನ್ನ ತಲೆಗೇ ಬಂದು ಬೀಳುತ್ತದೆ.

"ಮೇಡಂ, ಇಂಟರ್‌ನ್ಯಾಷನಲ್ ಪರೀಕ್ಷಿ ಒಂದ್ ಐತಂತ. ದೇಶ ದೇಶದ ಹುಡುಗ್ರು ಬರೀತಾರಂತ. ನಮ್ ಸಾಲಿನೂ ಅದ್ರಾಗ ಕುಂದ್ರಸೋಣು," ಎಂದರು ಸೆಕ್ರೆಟರಿ.

"ಅದು ದೇಶಕ್ಕೆ ದೇಶಾನೇ ಕುಂದ್ರೋ ಪರೀಕ್ಷಿ ಅಲ್ಲೇನ್ರಿ ಸಾರ್?"

"ಒಂದೊಂದ್ ಸಾಲಿನೂ ಕುಂದ್ರಬೌದಂತ್ರಿ ಈಗ. ಫೀ ಕಟ್ಟಿದ್ರಾತು. ಬಳ್ಳಾರ್‍ಯಾಗ ಇನ್ನಾ ಯಾರೂ ಮಾಡಿಲ್ಲ. ನಾವ ಫಸ್ಟು."

ಕೊನೆಯ ಮಾತಿನಲ್ಲೇ ವಿಷಯವೆಲ್ಲ ಇತ್ತು. ಹದಿನೈದು ವರ್ಷದ ಮಕ್ಕಳು ಪುಸ್ತಕದಲ್ಲಿ ಕಲಿತದ್ದನ್ನು ಬಾಳಿನಲ್ಲಿ ಬಳಸಬಲ್ಲರೇ ಎಂದು ನೋಡುವ ಪರೀಕ್ಷೆ ಅದು. ಬಾಯಿಪಾಠ ನಡೆಯುವುದಿಲ್ಲ. ಇಂಗ್ಲಿಷಿನಲ್ಲಿ ಉದ್ದುದ್ದ ಪ್ರಶ್ನೆ, ನಕಾಶೆ, ಕೋಷ್ಟಕ. ಓದಿ ಅರ್ಥ ಮಾಡಿಕೊಂಡು ಉತ್ತರ ಹುಡುಕಬೇಕು. ಪರೀಕ್ಷೆ ನಡೆಸುವ ಸಂಸ್ಥೆಯವರು ಕಳಿಸಿದ ಕಾಗದಗಳನ್ನು ಬಸ್ಸಿನಲ್ಲಿ ಓದುತ್ತಾ ಬಂದೆ. ಸುಳ್ಳು ಯಾಕೆ ಹೇಳಲಿ, ನನಗೆ ಇಷ್ಟವಾಯಿತು. ಈ ಶಾಲೆಗೆ ಇಂಥದ್ದೊಂದು ಕನ್ನಡಿ ಬೇಕೇ ಬೇಕು ಅನ್ನಿಸಿತು. ಆದರೆ ನಮ್ಮ ಸೆಕ್ರೆಟರಿ ಫೀ ಕಟ್ಟಿದ್ದು ಕನ್ನಡಿಗಲ್ಲ, ಫೋಟೋಕ್ಕೆ.

ಮೊದಲ ತೊಡಕು ವಯಸ್ಸಿನದು. ಹದಿನೈದು ವರ್ಷದ ಎಲ್ಲ ಮಕ್ಕಳ ಹೆಸರು, ಹುಟ್ಟಿದ ತಾರೀಖು ಕಳಿಸಿ ಎಂದರು, ಕಳಿಸಿದೆ. ಎರಡು ದಿನಕ್ಕೆ ಸಂಸ್ಥೆಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಬಹಳ ಮರ್ಯಾದೆಯ ದನಿ.

"ಮೇಡಂ, ನಿಮ್ಮ ಲಿಸ್ಟಿನಲ್ಲಿ ತುಂಬಾ ಮಕ್ಕಳು ಜೂನ್ ಒಂದನೇ ತಾರೀಖು ಹುಟ್ಟಿದ್ದಾರೆ. ಟೈಪಿಂಗ್ ಮಿಸ್ಟೇಕ್ ಇರಬಹುದಾ?"

"ಮಿಸ್ಟೇಕ್ ಅಲ್ಲಮ್ಮ, ಅದು ನಮ್ಮ ಕಡೆ ಪದ್ಧತಿ," ಎಂದೆ.

ಹಳ್ಳಿಗಳಲ್ಲಿ ಹುಟ್ಟಿದ ದಿನ ಬರೆದಿಡದ ಮಕ್ಕಳನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟರು ಜೂನ್ ಒಂದು ಎಂದು ಹಾಕಿಬಿಡುತ್ತಿದ್ದರು. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ತುಂಬಿದಂತಾಗುತ್ತದಲ್ಲ! ಈಗ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಮಕ್ಕಳ ವಯಸ್ಸನ್ನೇ ಅಂದಾಜಿನಲ್ಲಿ ಬರೆದುಕೊಂಡ ಊರು ನಮ್ಮದು, ಅವರ ಬುದ್ಧಿಯನ್ನು ಜಗತ್ತಿನ ತಕ್ಕಡಿಯಲ್ಲಿ ತೂಗಲು ಹೊರಟಿದ್ದೆವು.

ಯಾರು ಬರೆಯಬೇಕು ಅನ್ನುವುದನ್ನು ಶಾಲೆ ಹೇಳುವ ಹಾಗಿಲ್ಲ. ನಾವು ಕಳಿಸಿದ ಹೆಸರುಗಳಲ್ಲಿ ಅವರ ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಕೆಲವನ್ನು ಎತ್ತುತ್ತದೆ. ಜಾಣರು, ಮಂದರು, ನಡುವಿನವರು ಎಲ್ಲ ಥರದವರೂ ಬರಬೇಕು. ಆಗಲೇ ಶಾಲೆ ಹೇಗಿದೆ ಅಂತ ತಿಳಿಯುವುದು. ಪಟ್ಟಿ ಬಂತು. ಇಲ್ಲಿ ನಮ್ಮ ಹೆಡ್ ಮಾಸ್ತರರು ತಮ್ಮ ಅಭ್ಯಾಸಬಲದಿಂದ ಒಂದು ಕೆಲಸ ಮಾಡಿದರು. ಹೊರಗಿನಿಂದ ಮಕ್ಕಳ ಹೆಸರಿರುವ ಯಾವ ಪಟ್ಟಿ ಬಂದರೂ, ಅದು ಸ್ಕಾಲರ್‌ಶಿಪ್ಪಿನದಾಗಲಿ, ಖೋಖೋ ಟೀಮಿನದಾಗಲಿ, ಪ್ರಾರ್ಥನೆಯ ಹೊತ್ತಿಗೆ ಆ ಮಕ್ಕಳನ್ನು ಕಟ್ಟೆ ಮೇಲೆ ಹತ್ತಿಸಿ ಚಪ್ಪಾಳೆ ತಟ್ಟಿಸುತ್ತಾರೆ. ಒಮ್ಮೆ ಹುಳಬಾಧೆ ಮಾತ್ರೆ ತಪ್ಪಿಸಿಕೊಂಡವರ ಪಟ್ಟಿಗೂ ಚಪ್ಪಾಳೆ ಬಿದ್ದಿತ್ತು. ಈ ಪಟ್ಟಿಗೂ ಬಿತ್ತು.

ಕಟ್ಟೆ ಹತ್ತಿದವರಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಇದ್ದಳು. ಕೊನೇ ಬೆಂಚು, ಬಾಯಿ ತೆರೆದರೆ ಮುಚ್ಚುವವಳಲ್ಲ. ಅಪ್ಪ ಅಕ್ಕಿ ಮಿಲ್ಲಿನಲ್ಲಿ ಹಮಾಲಿ. ಮನೆಯಲ್ಲಿ ತೆಲುಗು, ಓಣಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷು. ಮೂರನೆಯದನ್ನು ಓದುವಾಗ ಒಂದೊಂದು ಪದದ ಕೆಳಗೂ ಬೆರಳಿಟ್ಟುಕೊಂಡು ಹೋಗುತ್ತಾಳೆ. ಅರ್ಧವಾರ್ಷಿಕದಲ್ಲಿ ನನ್ನ ಗಣಿತದಲ್ಲೇ ನಪಾಸಾಗಿದ್ದಳು. ದಡ್ಡಿಯೊಳಗೊಬ್ಬ ಜಾಣೆ ಅಡಗಿದ್ದಳು ಅನ್ನುವ ಕಥೆ ನಾನು ಹೇಳುತ್ತಿಲ್ಲ. ಅವಳು ನಿಜವಾಗಿಯೂ ಓದಿನಲ್ಲಿ ಹಿಂದೆಯೇ.

ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು.

"ಮಿಸ್, ನನ್ ಹೆಸ್ರು ಹೆಂಗ್ ಬಂತ್ರಿ?"

"ಚೀಟಿ ಎತ್ತಿದಂಗ ಕಂಪ್ಯೂಟರ್ ಎತ್ತೈತಿ."

"ಅಂದ್ರ ಲಾಟ್ರಿ ಏನ್ರಿ?"

"ಹೂಂ, ಲಾಟ್ರಿನ."

"ಹಂಗಂತ ನಮ್ಮಪ್ಪಗ ಹೇಳಬ್ಯಾಡ್ರಿ ಮಿಸ್. ನಮ್ಮ ಪಕ್ಕದ ಮನಿ ಹುಡುಗ ಆಗ್ಲೇ ಹೋಗಿ ಚಪ್ಪಾಳಿ ಹೊಡೆದ ಸುದ್ದಿ ಹೇಳ್ಯಾನ. ಅಪ್ಪ ಮಿಲ್ಲಿನ್ಯಾಗ ಎಲ್ಲಾರ್ಗೂ ಪೇಡಾ ಹಂಚಾಕತ್ಯಾನ."

ಪೇಡಾಕ್ಕೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಆ ವಾರದಲ್ಲೇ ಒಂದು ಬೆಳಗ್ಗೆ ಸಿರುಗುಪ್ಪದಲ್ಲಿ ಬಸ್ಸಿನಿಂದ ಇಳಿದು ತಲೆ ಎತ್ತಿದರೆ ಎದುರಿಗೆ ಫ್ಲೆಕ್ಸು. ನಮ್ಮ ಹುಡುಗಿ, ಬಣ್ಣ ಬೆಳ್ಳಗೆ ಮಾಡಿದ ಮುಖ, ಹಿಂದೆ ಹಾರುತ್ತಿರುವ ವಿಮಾನ. ಅಂತಾರಾಷ್ಟ್ರೀಯ ಪರೀಕ್ಷೆ ಬರೆಯಲಿರುವ ಸಿರುಗುಪ್ಪದ ಹೆಮ್ಮೆಯ ಮಗಳಿಗೆ ಶುಭಾಶಯಗಳು. ಕೆಳಗೆ ಸಾಲಾಗಿ ಶುಭ ಕೋರುವವರ ಗುಂಡು ಗುಂಡು ಫೋಟೋಗಳು, ಮಿಲ್ಲಿನ ಹಮಾಲರೆಲ್ಲ ಕೂಲಿಂಗ್ ಗ್ಲಾಸಿನಲ್ಲಿ. ಶಾಲೆಯಲ್ಲಿ ನಗು. "ಮೇಡಂ, ನಿಮ್ ನಪಾಸ್ ಕ್ಯಾಂಡಿಡೇಟ್ ವಿಮಾನ ಹತ್ಯಾಳಲ್ರಿ!" ಎಂದರು ಸಮಾಜ ವಿಜ್ಞಾನದ ಮೇಷ್ಟರು. ನಾನೂ ನಕ್ಕೆ.

ನಗು ನಿಂತದ್ದು ಸೆಕ್ರೆಟರಿ ಪಟ್ಟಿಯನ್ನು ಕಣ್ಣಲ್ಲಿ ಕಂಡ ಮೇಲೆ. ಫೋನಿನಲ್ಲೇ ಗುಡುಗಿದರು.

"ಏನ್ರೀ ಮೇಡಂ ಇದು? ರ್‍ಯಾಂಕ್ ಬರೋ ಹುಡುಗ್ರು ಒಬ್ರಿಲ್ಲ, ಇಂಥವ್ರನ್ನೆಲ್ಲಾ ಹಾಕೀರಿ?"

"ನಾ ಹಾಕಿಲ್ರಿ ಸಾರ್. ಅವ್ರ ಕಂಪ್ಯೂಟರ್ ಹಾಕೈತಿ."

"ಬದಲಿ ಮಾಡ್ರಿ."

"ಬದಲಿ ಮಾಡಾಕ ಬರಂಗಿಲ್ರಿ. ರೂಲ್ಸ್ ಐತಿ."

"ಆತು. ಆ ದಿನಾ ನಾಕು ಮಂದಿ ಬರ್ಲಿಲ್ಲ ಅಂದ್ರ?"

ಇಲ್ಲೇ ನಾನು ಸಿಕ್ಕಿಬಿದ್ದೆ. ಬಹಳ ಮಕ್ಕಳು ಬಾರದಿದ್ದರೆ ಪರೀಕ್ಷೆ ಲೆಕ್ಕಕ್ಕೆ ಬರುವುದಿಲ್ಲ, ನಾಲ್ಕು ಜನ ತಪ್ಪಿದರೆ ನಡೆಯುತ್ತದೆ. ಅದು ಕಾಗದದಲ್ಲೇ ಇತ್ತು. ಹೇಳಿದೆ.

"ಹಂಗಾದ್ರ ನಾಕು ಮಂದಿಗೆ ಜ್ವರ ಬರ್ಲಿ ಬಿಡ್ರಿ," ಎಂದರು ಸೆಕ್ರೆಟರಿ. ಮಳೆ ಬರಲಿ ಬಿಡಿ ಅಂದಷ್ಟೇ ಸಲೀಸಾಗಿ.

ಮಾರ್ಕ್ಸಿನಲ್ಲಿ ಎಲ್ಲರಿಗಿಂತ ಹಿಂದಿದ್ದ ನಾಲ್ವರಲ್ಲಿ ಮೂವರ ಮನೆಗೆ ಹೆಡ್ ಮಾಸ್ತರರು ಫೋನ್ ಮಾಡಿದರು. ಆ ತಂದೆತಾಯಿಗಳು ಯಾಕೆ ಅಂತಲೂ ಕೇಳಲಿಲ್ಲವಂತೆ. ಮಗ ಒಂದು ದಿನ ಮನೆಯಲ್ಲಿದ್ದರೆ ನಾಟಿಯ ಗದ್ದೆಯಲ್ಲಿ ಸಸಿ ಹೊರಲು ಒಂದು ತಲೆ ಆಯಿತು, ಅಷ್ಟೆ. ನಾಲ್ಕನೆಯದು ಫ್ಲೆಕ್ಸಿನ ಮನೆ. ಹೆಡ್ ಮಾಸ್ತರರು ಫೋನನ್ನು ಮೇಜಿನ ಮೇಲಿಟ್ಟು, "ಇದೊಂದು ನೀವ ಹೋಗಿ ಬರ್‍ರಿ ಮೇಡಂ. ಹೆಣ್ಮಕ್ಕಳ ಹೆಣ್ಮಕ್ಕಳ ಮಾತಾಡಿದ್ರ ಚೆಂದ," ಎಂದರು. ಕಟ್ಟೆ ಹತ್ತಿಸಿ ಚಪ್ಪಾಳೆ ತಟ್ಟಿಸಿದವರು ಅವರು. ಇಳಿಸುವ ಕೆಲಸ ನನಗೆ.

ಸಂಜೆ ಹೋದೆ. ಕಾಲುವೆಯ ಆಚೆ, ಮಿಲ್ಲಿನ ಹೊಟ್ಟಿನ ಧೂಳು ಹಾರಿ ಬಂದು ಎಲೆಯ ಮೇಲೆಲ್ಲ ಕೂತಿರುವ ಓಣಿ. ಹುಡುಗಿಯ ಅಪ್ಪ ಆಗಷ್ಟೇ ಕೆಲಸದಿಂದ ಬಂದು ಕಟ್ಟೆಯ ಮೇಲೆ ಕೂತು ತಲೆಗೆ ನೀರು ಹಾಕಿಕೊಳ್ಳುತ್ತಿದ್ದ. ನನ್ನನ್ನು ಕಂಡವನೇ ಒದ್ದೆ ಮೈಯಲ್ಲೇ ಎದ್ದು ಕುರ್ಚಿ ತಂದಿಟ್ಟ.

"ಬರ್‍ರಿ ಮೇಡಮ್ಮೋರೆ, ಕುಂದರ್‍ರಿ. ಫ್ಲೆಕ್ಸ್ ನೋಡಿದ್ರೇನ್ರಿ? ಇನ್ನೊಂದು ಕುರುಗೋಡಿನ್ಯಾಗ ಆಕಿ ಮಾವ ಹಾಕ್ಸ್ಯಾನ್ರಿ, ಬಸ್ ಸ್ಟ್ಯಾಂಡಿನ್ಯಾಗ."

"ನೋಡ್ದೆ," ಎಂದೆ. ಚಹಾ ಬಂತು. ಅಜ್ಜಿಯೊಬ್ಬಳು ಬಂದು ನನ್ನ ಮುಖವನ್ನೇ ನೋಡುತ್ತಾ ಕೂತಳು. ಸುತ್ತಿ ಬಳಸಿ ಹೇಳುವ ವಿದ್ಯೆ ನನಗೆ ಹುಟ್ಟಿನಿಂದ ಇಲ್ಲ. ಆ ದಿನ ಬಸ್ಸಿನಲ್ಲಿ ನಿಂತು ಬಂದು, ಆರು ಪೀರಿಯಡ್ಡು ಮಾಡಿ, ಸುಳ್ಳೊಂದನ್ನು ಹೊಸೆಯುವ ಶಕ್ತಿಯೂ ಉಳಿದಿರಲಿಲ್ಲ.

"ಪರೀಕ್ಷಿ ದಿನಾ ಹುಡುಗಿನ ಕಳಿಸಬ್ಯಾಡ್ರಿ ಅಂತ ಹೇಳಾಕ ನನ್ ಕಳ್ಸ್ಯಾರ. ಜ್ವರ ಅಂತ ಹೇಳಬೇಕಂತ. ಮಾರ್ಕ್ಸ್ ಕಮ್ಮಿ ಬರೋ ಹುಡುಗ್ರು ಬರದ್ರ ಸಾಲಿ ಹೆಸ್ರು ಕೆಡತೈತಂತ."

ಅವನು ಚಹಾದ ಲೋಟ ಕೆಳಗಿಟ್ಟ.

"ನೀವೇನಂತೀರಿ ಮೇಡಮ್ಮೋರೆ?"

"ನನ್ ಮಾತು ಯಾರ್ ಕೇಳ್ತಾರ್ರಿ? ಆದ್ರ ಆಕಿ ಹೆಸ್ರು ಬಂದೈತಿ. ಬರಿಯೋ ಹಕ್ಕು ಆಕಿಗೈತಿ."

"ಆಕಿ ಓದಿನ್ಯಾಗ ಹೆಂಗದಾಳ ಅಂತ ನಂಗೊತ್ತಿಲ್ಲೇನ್ರಿ? ಆದ್ರ ನಮ್ ಮನ್ಯಾಗ ಯಾರ್ ಹೆಸ್ರೂ ಯಾವ್ ಲಿಸ್ಟಿನ್ಯಾಗೂ ಬಂದಿದ್ದಿಲ್ರಿ, ರೇಷನ್ ಕಾರ್ಡ್ ಬಿಟ್ಟು." ಒದ್ದೆ ತಲೆ ಒರೆಸಿಕೊಳ್ಳುತ್ತಾ, "ಮಿಲ್ಲಿನ್ಯಾಗ ನಾಳಿ ಕೇಳ್ತಾರ. ನನ್ ಮಗಳು ಬರದ್ರ ಸಾಲಿ ಮಾನ ಹೋಕ್ಕೈತಿ ಅಂತ ಹೆಂಗ್ ಹೇಳ್ಲಿ?" ಎಂದ.

ಒಳಗಿನಿಂದ ಹುಡುಗಿಯ ದನಿ ಬಂತು. "ಅಪ್ಪ, ನಾ ಹೋಗಾಕಿನ. ಜ್ವರ ಬಂದ್ರೂ ಹೋಗಾಕಿ."

"ಸುಮ್ಕಿರಲೇ," ಎಂದ ಅಪ್ಪ. ಆದರೆ ದನಿಯಲ್ಲಿ ಗದರಿಕೆ ಇರಲಿಲ್ಲ.

ಕಳಿಸುತ್ತೇನೆ ಅಂತಲೂ ಅವನು ಹೇಳಲಿಲ್ಲ, ಕಳಿಸುವುದಿಲ್ಲ ಅಂತಲೂ ಹೇಳಲಿಲ್ಲ. ಕೊನೇ ಬಸ್ಸಿಗೆ ಓಡಿದೆ. ಸೆಕ್ರೆಟರಿ ಏನನ್ನಬಹುದು, ಇವಳು ಆ ದಿನ ಬಂದೇಬಿಟ್ಟರೆ ಗೇಟಿನಲ್ಲಿ ಯಾರು ತಡೆಯಬಹುದು ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ತಡೆಯಲು ನನಗೇ ಹೇಳುತ್ತಾರೆ, ಮತ್ತಿನ್ಯಾರಿಗೆ? ಮನೆಗೆ ಬಂದು ಅನ್ನಕ್ಕಿಟ್ಟು ಕುಕ್ಕರ್ ಮುಂದೆ ನಿಂತೇ ಇದ್ದೆ, ಸೀಟಿ ಎಷ್ಟಾಯಿತು ತಿಳಿಯಲಿಲ್ಲ.

ನನ್ನ ಹೆದರಿಕೆ ಯಾವುದೂ ನಡೆಯಲಿಲ್ಲ. ಮರುದಿನ ಸೆಕ್ರೆಟರಿಯೇ ಫೋನ್ ಮಾಡಿದರು. ದನಿ ಬೆಣ್ಣೆಯಂತಿತ್ತು.

"ಮೇಡಂ, ಆ ಹಮಾಲಿ ಮಗಳು ಅದಾಳಲ್ಲ, ಆಕಿಗೆ ಜ್ವರ ಬ್ಯಾಡ್ರಿ."

"ಯಾಕ್ರಿ ಸಾರ್?"

"ಕುರುಗೋಡಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ್ಯಾಗ ಫ್ಲೆಕ್ಸ್ ಐತಿ. ಮ್ಯಾಲೆ ನಂದ ಫೋಟೋ ಹಾಕ್ಯಾರ್ರಿ, ಇಷ್ಟುದ್ದ! ಶಿಕ್ಷಣಪ್ರೇಮಿ ಅಂತ ಬರ್ಸ್ಯಾರ. ನಮ್ ಬೀಗರು, ಗೆಳೆಯರು ಎಲ್ಲಾ ಫೋನ್ ಮಾಡಾಕತ್ಯಾರ. ಹಮಾಲಿ ಮಗಳನ್ನ ಫಾರಿನ್ ಲೆವೆಲ್ಲಿಗೆ ಕಳ್ಸಿಯಲ್ಲಪ್ಪ, ಶಹಬ್ಬಾಸ್ ಅಂತಾರ. ಈಗ ಆಕಿ ಬರೀಲಿಲ್ಲ ಅಂದ್ರ ಹೆಂಗ?"

ಸೆಕ್ರೆಟರಿಯ ಹುಟ್ಟೂರು ಕುರುಗೋಡು. ಫ್ಲೆಕ್ಸು ಹಾಕಿಸುವಾಗ ತಲೆಯ ಮೇಲೆ ಊರಿನ ದೊಡ್ಡವರೊಬ್ಬರ ಫೋಟೋ ಇರಬೇಕು, ಇಲ್ಲದಿದ್ದರೆ ಅದು ಫ್ಲೆಕ್ಸೇ ಅಲ್ಲ, ನಮ್ಮ ಕಡೆ. ಹುಡುಗಿಯ ಮಾವ ಶಾಲೆ ಯಾರದು ಅಂತ ಕೇಳಿ, ಫೋಟೋ ಹುಡುಕಿ ಹಾಕಿಸಿದ್ದ. ರೂಲ್ಸು ಮಾಡಲಾಗದ್ದನ್ನು, ನಾನು ಮಾಡಲಾಗದ್ದನ್ನು, ಆ ಫೋಟೋ ಮಾಡಿತು. ಸಂತೋಷ ಆಗಬೇಕಿತ್ತು. ನನಗೆ ಬರೀ ಸುಸ್ತಾಯಿತು. ಒಂದು ಮಗು ಪರೀಕ್ಷೆಗೆ ಕೂರಲು ಇಷ್ಟು ದೊಡ್ಡ ನಾಟಕ ಬೇಕಾಯಿತಲ್ಲ! ಉಳಿದ ಮೂವರಿಗೆ ಫ್ಲೆಕ್ಸಿಲ್ಲ. ಮೂವರಿಗೂ ಒಂದೇ ದಿನ ಜ್ವರ ಬಂತು, ಒಂದೇ ದಿನ ಬಿಟ್ಟಿತು.

ಪರೀಕ್ಷೆಯ ದಿನ ಕರೆಂಟನ್ನು ನಂಬುವ ಹಾಗಿಲ್ಲವೆಂದು ಮಿಲ್ಲಿನಿಂದ ಜನರೇಟರು ತರಿಸಿದ್ದರು. ಅದರ ಸದ್ದಿನಲ್ಲಿ ಮಕ್ಕಳು ಕಂಪ್ಯೂಟರಿನ ಮುಂದೆ ಕೂತರು. ಪ್ರಶ್ನೆಗಳನ್ನು ನಾವು ಶಿಕ್ಷಕರು ನೋಡುವ ಹಾಗಿಲ್ಲ. ನಾನು ವರಾಂಡದಲ್ಲಿ ನಿಂತು ಕಿಟಕಿಯಿಂದ ನೋಡಿದ್ದು ಒಂದೇ. ನಮ್ಮ ಹುಡುಗಿ ಪರದೆಯ ಗಾಜಿನ ಮೇಲೆ ಬೆರಳಿಟ್ಟು, ಪದ ಪದವಾಗಿ ಸರಿಸುತ್ತಾ, ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದಳು. ಪಕ್ಕದವರು ಮುಂದಿನ ಪುಟಕ್ಕೆ ಹೋದರೂ ಅವಳು ಅಲ್ಲೇ.

ಹೊರಗೆ ಬಂದಾಗ ಕೇಳಿದೆ, "ಹೆಂಗಾತಲೇ?"

"ಓದಾದ್ರಾಗ ಟೈಮ್ ಆಗಿಬಿಡ್ತು ಮಿಸ್. ಒಂದೆರಡು ಮಾತ್ರ ಪೂರ್ತಿ ಮಾಡೀನಿ. ಆದ್ರ ಅವು ಎರಡೂ ನಾನ ಓದಿ ಮಾಡಿದ್ದು, ಯಾರೂ ಹೇಳಿಕೊಟ್ಟಿದ್ದಲ್ಲ," ಎಂದಳು. ಮುಖ ಬೆವತಿತ್ತು. ನೀರು ಕುಡಿಯಲು ಓಡಿದಳು.

ಕೆಲವು ತಿಂಗಳಾದ ಮೇಲೆ ವರದಿ ಬಂತು. ದಪ್ಪ, ಬಣ್ಣಬಣ್ಣದ ನಕ್ಷೆಗಳು. ಕೂತು ಪೂರ್ತಿ ಓದಿದವಳು ನಾನೊಬ್ಬಳೇ ಅಂದುಕೊಂಡಿದ್ದೇನೆ. ಇಷ್ಟೆಲ್ಲ ಮಾಡಿದ ಮೇಲೂ ಶಾಲೆ ಒಳ್ಳೆಯ ಸ್ಥಾನದಲ್ಲಿರಲಿಲ್ಲ. ಲೆಕ್ಕ ಮಾಡುವುದರಲ್ಲಿ ಮಕ್ಕಳು ತೀರಾ ಹಿಂದಿಲ್ಲ, ಆದರೆ ಪ್ರಶ್ನೆ ಉದ್ದವಾದಷ್ಟೂ ಉತ್ತರ ಬರೆಯದೆ ಬಿಡುತ್ತಾರೆ, ಓದಿ ತಿಳಿಯುವುದರಲ್ಲಿ ಬಹಳ ಹಿಂದೆ ಎಂದಿತ್ತು. ಅದು ನನಗೇ ಬರೆದ ಮಾತಿನಂತಿತ್ತು. ನಮ್ಮಲ್ಲಿ ಮಾತಿನ ಲೆಕ್ಕ, ಅಂದರೆ ವಾಕ್ಯಗಳಲ್ಲಿ ಕೊಟ್ಟ ಲೆಕ್ಕ, ಬಂದರೆ ಎಲ್ಲ ಶಿಕ್ಷಕರೂ ಮಾಡುವುದು ಒಂದೇ. ಪ್ರಶ್ನೆಯನ್ನು ನಾವೇ ಓದಿ, ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ ಬಿಡಿಸಿ ಹೇಳಿ, ಕೂಡಿಸಬೇಕೋ ಕಳೆಯಬೇಕೋ ಅದನ್ನೂ ಹೇಳಿಬಿಡುತ್ತೇವೆ. ಮಕ್ಕಳಿಗೆ ಉಳಿಯುವುದು ಗುಣಾಕಾರ ಭಾಗಾಕಾರ. ಓದುವ ಕೆಲಸ ಮೇಷ್ಟರದು. ಈಗ ನನ್ನ ಕ್ಲಾಸಿನಲ್ಲಿ ಪ್ರಶ್ನೆಯನ್ನು ಮಕ್ಕಳೇ ಗಟ್ಟಿಯಾಗಿ ಓದಬೇಕು. ಪಾಠ ನಿಧಾನವಾಗಿದೆ, ಪೋರ್ಷನ್ ಮುಗಿದಿಲ್ಲವೆಂದು ಹೆಡ್ ಮಾಸ್ತರರು ಎರಡು ಸಲ ಕರೆದು ಕೇಳಿದ್ದಾರೆ.

ವಾರಕ್ಕೊಂದು ಓದುವ ಪೀರಿಯಡ್ಡು ಕೊಡಿ, ಒಂದಿಷ್ಟು ಕಥೆ ಪುಸ್ತಕ ತರಿಸಿ ಎಂದು ಸೆಕ್ರೆಟರಿಗೂ ಹೇಳಿದೆ. "ಎಸ್ಸೆಸ್ಸೆಲ್ಸಿ ರಿಸಲ್ಟ್ ಮುಗೀಲಿ, ನೋಡೋಣು," ಎಂದರು. ಅವರು ವರದಿಯಿಂದ ತೆಗೆದುಕೊಂಡದ್ದು ಒಂದೇ ನಕ್ಷೆ. ಯಾವುದೋ ಒಂದು ಕಡೆ ನಮ್ಮ ಗೆರೆ ಸ್ವಲ್ಪ ಮೇಲೆ ಹೋಗಿತ್ತು. ಅದನ್ನು ದೊಡ್ಡದು ಮಾಡಿಸಿ ಅಡ್ಮಿಷನ್ ಬೋರ್ಡಿಗೆ ಹಾಕಿಸಿದರು. ಅದು ಏನನ್ನು ತೋರಿಸುವ ಗೆರೆ ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ನಾನು ನೋಡಿದೆ: ಶಾಲೆಗೆ ಬರಲು ಮಕ್ಕಳಿಗೆ ಖುಷಿಯೇ ಅಂತ ಕೇಳಿದ ಪ್ರಶ್ನೆಯದು.

ಈ ವರ್ಷ ಕುರುಗೋಡಿನಲ್ಲಿರುವ ಇದೇ ಸೆಕ್ರೆಟರಿಯ ಇನ್ನೊಂದು ಶಾಲೆಯನ್ನೂ ಪರೀಕ್ಷೆಗೆ ಸೇರಿಸುತ್ತಾರಂತೆ. ಅಲ್ಲಿನ ಹೆಡ್ ಮೇಡಂ ನನಗಿಂತ ಹಿರಿಯರು, ಅಕ್ಕ ಅಂತಲೇ ಕರೆಯುತ್ತೇನೆ. ಫೋನ್ ಮಾಡಿದ್ದರು.

"ಹೇಳವಾ ತಂಗಿ, ಸೇರೋದೋ ಬ್ಯಾಡೋ?"

"ಚೀಟ್ಯಾಗ ಬಂದ ಹುಡುಗ್ರನ್ನೆಲ್ಲಾ ಕುಂದ್ರಸಾಕ ಧೈರ್ಯ ಐತೇನಕ್ಕ? ಬಂದ ರಿಪೋರ್ಟು ಓದಿ, ಅದ್ರಾಗಿಂದ ಒಂದಾದ್ರೂ ಮಾಡ್ತೀರೇನು? ಹಂಗಿದ್ರ ಸೇರ್‍ರಿ, ಚೊಲೊ ಐತಿ. ಇಲ್ಲಂದ್ರ ಆ ರೊಕ್ಕದಾಗ ಪುಸ್ತಕ ತರಸ್ರಿ."

"ಧೈರ್ಯ ನಂಗೈತವಾ. ಆದ್ರ ಸಹಿ ಹಾಕೋರು ಸೆಕ್ರೆಟರಿ!" ಎಂದು ನಕ್ಕರು. ಆಮೇಲೆ ಗುಟ್ಟು ಹೇಳಿದರು. ಈ ಸಲ ಜ್ವರದ ತಾಪತ್ರಯವೇ ಬೇಡವೆಂದು, ಪಟ್ಟಿ ಕಳಿಸುವ ಮೊದಲೇ ಯಾರ ಹೆಸರು ಹೋಗಬೇಕು ಅಂತ ಸೆಕ್ರೆಟರಿ ಕೂತು ಆರಿಸುತ್ತಾರಂತೆ. ಹಾಗಿದ್ದರೆ ನನ್ನನ್ನು ಬಿಟ್ಟುಬಿಡಿ ಎಂದು ನಾನು ಬ್ರೂಸ್‌ಪೇಟೆಗೆ ಹೋಗಿ ಹೇಳಿ ಬಂದೆ. "ಆತು ಬಿಡ್ರಿ, ಹೊಸಾ ಕಂಪ್ಯೂಟರ್ ಸಾರ್ ಮಾಡ್ತಾರ," ಎಂದರು. ಒಂದು ಮಾತೂ ಜಗಳವಿಲ್ಲ. ನಾನು ಜಗಳಕ್ಕೆ ತಯಾರಾಗಿ ಹೋಗಿದ್ದೆ.

ಮೊನ್ನೆ ಸಂಜೆ ಹುಡುಗಿಯ ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಮಗಳು ಈಗ ಹತ್ತನೇ ಕ್ಲಾಸು. ಈ ವರ್ಷವಿಡೀ ಎಲ್ಲಿ ಸಿಕ್ಕರೂ ಅವನದು ಒಂದೇ ಪ್ರಶ್ನೆ.

"ಮೇಡಮ್ಮೋರೆ, ಆ ಪರೀಕ್ಷ್ಯಾಗ ಎಷ್ಟ್ ಬಿದ್ದಾವ್ರಿ? ಇನ್ನಾ ಬಂದಿಲ್ಲೇನು? ಮಿಲ್ಲಿನ್ಯಾಗ ಕೇಳಿ ಕೇಳಿ ಸಾಕ್ ಮಾಡ್ಯಾರ."

ಇಷ್ಟು ದಿನ ಬರುತ್ತೆ ನೋಡೋಣ ಅಂದು ತಪ್ಪಿಸಿಕೊಂಡಿದ್ದೆ. ಅವತ್ತು ಹೇಳಿಬಿಟ್ಟೆ. "ಅದ್ರಾಗ ಒಬ್ಬೊಬ್ರಿಗೆ ಅಂತ ಮಾರ್ಕ್ಸ್ ಕೊಡಂಗಿಲ್ರಿ. ಯಾರ್ ಹೆಸ್ರೂ ಇರಂಗಿಲ್ಲ."

"ಅಂದ್ರ ಪಾಸೋ ಫೇಲೋ?"

"ಎರಡೂ ಅಲ್ರಿ. ಹುಡುಗ್ರನ್ನ ಅಲ್ಲ, ಸಾಲಿನ ನೋಡೋ ಪರೀಕ್ಷಿ ಅದು."

ಅವನು ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡ. ಸಿಟ್ಟು ಬಂದಿದೆಯೋ ಇಲ್ಲವೋ ತಿಳಿಯಲಿಲ್ಲ.

"ಮತ್ತ ಸಾಲಿದು ಏನಾತ್ರಿ?"

"ಓದಾಕ ಸರಿಯಾಗಿ ಕಲ್ಸಿಲ್ಲ ಅಂತ ಬಂದೈತಿ. ನಿಮ್ ಹುಡುಗಿ ಒಬ್ಬಾಕಿ ಅಲ್ಲ, ಎಲ್ಲಾ ಹುಡುಗ್ರೂ ಹಂಗ ಅದಾರ."

"ಹಂಗಾದ್ರ ಫೇಲ್ ಆಗಿದ್ದು ಸಾಲಿ."

"ಹೌದ್ರಿ."

"ಸೆಕ್ರೆಟ್ರಿ ಸಾಹೇಬ್ರಿಗೆ ಗೊತ್ತೈತೇನ್ರಿ ಇದು?"

"ಗೊತ್ತೈತಿ."

"ಮತ್ತ ಏನ್ ಮಾಡ್ಯಾರ?"

"ಈ ವರ್ಷನೂ ಪರೀಕ್ಷಿ ಇಟ್ಟಾರ," ಎಂದೆ.